ಬಿರುಕಿನ ಮೇಲೆ ಬಳಿದ ಸುಣ್ಣ

ನಮ್ಮ ಫ್ಲ್ಯಾಟಿನ ಬಚ್ಚಲ ಗೋಡೆಯಲ್ಲಿ ಈಚೆಗೆ ಕೂದಲೆಳೆಯಂಥ ಬಿರುಕು ಕಂಡಿತು. ಮೂರು ರಾತ್ರಿ ನಿದ್ದೆಗೆಟ್ಟ ಮೇಲೆ ಬೀಡಾ ಅಂಗಡಿಯಿಂದ ಚಿಟಿಕೆ ಸುಣ್ಣ ತಂದು ಅದರ ಮೇಲೆ ಅಡ್ಡ ಬಳಿದೆ. ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ಕಾನಸೂರಿನಲ್ಲಿ ಬಾವಿ ತೋಡುತ್ತಿದ್ದ ಹಿರಿಯರೊಬ್ಬರು ನೆನಪಾದರು…

ತೊಂಬತ್ತರ ದಶಕದ ಕೊನೆಯ ಮಾತು. ಕಲ್ಲು ಹೇಗೆ ಬಿರುಕು ಬಿಟ್ಟು ಎಲ್ಲಿ ಮುರಿಯುತ್ತದೆಂದು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕುವ ಸಂಶೋಧನೆ ನನ್ನದು. ಅವರು ತೋಡುತ್ತಿದ್ದ ಬಾವಿಯ ಬಿರುಕುಗಳನ್ನು ಅಳೆದು ತಂದು, ಪರದೆಯ ಮೇಲೆ ಕಲ್ಲನ್ನು ಸಾವಿರಾರು ತ್ರಿಕೋನಗಳಾಗಿ ಕತ್ತರಿಸಿ, ಭಾರ ಹೊರಿಸಿ ನೋಡಿದ್ದೆ. ಎರಡು ದಿನ ಗುರುಗುಟ್ಟಿದ ಯಂತ್ರ ‘ನಿಲ್ಲುತ್ತದೆ’ ಎಂದಿತು. ನಾನು ಕೊಟ್ಟ ಬಿರುಕುಗಳಷ್ಟೇ ಅದಕ್ಕೆ ಗೊತ್ತು ಎಂಬುದನ್ನು ಮರೆತು, ತಳದಲ್ಲಿ ಒಬ್ಬರೇ ಅಗೆಯುತ್ತಿದ್ದ ಅವರಿಗೆ ಈ ಶುಭವಾರ್ತೆ ತಿಳಿಸಲು ಬಾವಿಗೇ ಇಳಿದೆ. ಮೇಲಿನಿಂದ ಕೂಗಿದ್ದರೂ ಸಾಕಿತ್ತು.

ಮಾತು ಮುಗಿಯುವುದರೊಳಗೆ ತಲೆಯ ಮೇಲೆ ‘ಟಕ್’ ಎಂದಿತು. ಬಿದಿರೇಣಿಯ ಪಕ್ಕಕ್ಕೇ ಚಾಚಿಕೊಂಡಿದ್ದ ಮಂಚದಷ್ಟು ದೊಡ್ಡ ಬಂಡೆಯ ಬೆನ್ನಿಗೆ ಹೊಸ ಬಿರುಕು ಬಿದ್ದಿತ್ತು. ಮೇಲೆ ಬರಲು ಬೇರೆ ದಾರಿಯಿರಲಿಲ್ಲ.

“ನಿನ್ನ ಕಂಪ್ಯೂಟರ್ ಎಂತ ಹೇಳ್ತು ಅಂದೆ, ತಮಾ?” ಎಂದರು ಅವರು.

“ನಿಲ್ತದೆ ಅಂತು.”

“ಕಲ್ಲಿಗೆ ಹೇಳಿದ್ಯಾ?”

ನಾಲ್ಕು ಮೆಟ್ಟಿಲು ಹತ್ತಿ, ಎಲೆಯಡಿಕೆ ಸಂಚಿಯ ಸುಣ್ಣವನ್ನು ಬಿರುಕಿನ ಮೇಲೆ ಅಡ್ಡಡ್ಡ ಬಳಿದು ಇಳಿದರು. ಎದುರು ಕೂತು ಅದೇ ಸಂಚಿಯ ಎಲೆ ತೆಗೆದು ಕವಳ ಮಡಚಿದರು. “ಕವಳ ಮುಗಿಯೋವರೆಗೆ ಸುಣ್ಣ ಒಡೀದಿದ್ರೆ ಕಲ್ಲು ಸುಮ್ಮನಿದೆ ಅಂತ. ಆಮೇಲೆ ಹತ್ತೋದು.”

ಇಬ್ಬರ ಮೊಣಕಾಲು ತಾಗುವಷ್ಟೇ ಜಾಗ. ಆಕಾಶ ಊಟದ ತಟ್ಟೆಯಷ್ಟು. ಆ ಬಂಡೆ ಎಷ್ಟು ಬಗೆಯಲ್ಲಿ ಬೀಳಬಹುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ವಿದ್ಯೆಗೆ ಪಿಎಚ್‌.ಡಿ. ಕೊಡುವವರಿದ್ದರು. ಎದುರು ಕೂತವರು ಮಾತ್ರ ಅವಸರವಿಲ್ಲದೆ ಅಗಿಯುತ್ತಿದ್ದರು. ಜಗತ್ತಿನಲ್ಲಿ ಅಷ್ಟು ದೊಡ್ಡ ಕವಳವನ್ನು ಇನ್ಯಾರೂ ಮೆದ್ದಿರಲಿಕ್ಕಿಲ್ಲ…

ಕಡೆಗೆ ಎದ್ದು, ಮತ್ತೆ ಹತ್ತಿ ನೋಡಿ ಬಂದರು. “ಸರಿ ಇದೆ. ಏಣಿ ಒಬ್ಬರ ಭಾರಕ್ಕೇ. ಮೊದ್ಲು ನೀ ಹತ್ತು.”

ಹತ್ತಿದೆ. ಬಂಡೆಯ ಮಟ್ಟಕ್ಕೆ ಬಂದಾಗ ಕಂಡಿತು: ಸುಣ್ಣದ ಗೆರೆ ನಡುವೆ ಸೀಳಿತ್ತು. ಅವರು ನೋಡಿಯೇ ಇಳಿದಿದ್ದರು. ಹೇಳಲು ಬಾಯಿ ತೆರೆದೆ. ಕೂಗಿದರೆ ಬಂಡೆ ಅಲುಗೀತು ಎಂದುಕೊಂಡೆ. ದನಿಗೆ ಬಂಡೆ ಬೀಳುವುದಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರು ಸಿರಸಿ ಸೀಮೆಯಲ್ಲೇ ಇರಲಿಲ್ಲ. ಆದರೂ ಬಾಯಿ ಮುಚ್ಚಿ ಹತ್ತಿದೆ.

ಅವರೂ ಹಿಂದೆಯೇ ಬಂದರು, ಮೈಕೊಡವಿಕೊಂಡು. ಸಂಜೆಯ ಹೊತ್ತಿಗೆ ಬಂಡೆ ಏಣಿಯನ್ನೂ ಎಳೆದುಕೊಂಡು ತಳಕ್ಕೆ ಹೋಯಿತು. ಆ ಬಿರುಕನ್ನೂ ಸೇರಿಸಿ ಮತ್ತೆ ಲೆಕ್ಕ ಹಾಕಿದಾಗ ಯಂತ್ರವೂ ‘ಬೀಳುತ್ತದೆ’ ಎಂದು ಒಪ್ಪಿತು. ನನಗೆ ಪದವಿ ಬಂತು.

ಕೆಲವು ವರ್ಷಗಳ ಮೇಲೆ ಅವರು ಜ್ವರದಿಂದ ತೀರಿಕೊಂಡರಂತೆ. ನನ್ನನ್ನೇಕೆ ಮೊದಲು ಕಳಿಸಿದಿರೆಂದು ಕೇಳಲಿಲ್ಲ. ಗೆರೆ ಒಡೆದದ್ದನ್ನು ನಾನೂ ನೋಡಿದ್ದೆ ಎಂದು ಹೇಳಲೂ ಇಲ್ಲ…

ಈಗ ಬೆಳಗ್ಗೆ, ಸಂಜೆ ಬಚ್ಚಲಿಗೆ ಹೋಗಿ ನೋಡುತ್ತೇನೆ. “ಒಡೀತಾ?” ಎಂದು ಹೆಂಡತಿ ಒಳಗಿನಿಂದ ಕೇಳಿ ನಗುತ್ತಾಳೆ. ಇನ್ನೂ ಇಲ್ಲ. ಒಡೆದರೆ ಈ ಸಲ ಕೂಗಿ ಹೇಳುತ್ತೇನೆ. ಕೇಳಬೇಕಾದವರು ಮಾತ್ರ ಕೆಳಗಿಲ್ಲ.