ಅಪ್ಪನ ದಿಕ್ಕಿನ ಪೆಟ್ಟಿಗೆ

ನಾನು ನಿಮ್ಮಷ್ಟು ಚಿಕ್ಕವನಿದ್ದಾಗ ನಮ್ಮ ಮನೆ ಮಂಗಳೂರಿನ ಹಳೆ ಬಂದರಿನ ಹತ್ತಿರ ಇತ್ತು. ಹಂಚಿನ ಮಾಡು, ಸೆಗಣಿ ಸಾರಿಸಿದ ಜಗಲಿ, ಗಾಳಿ ಬೀಸಿದರೆ ಒಣಮೀನಿನ ವಾಸನೆ. ಮೂಗು ಮುಚ್ಚಬೇಡಿ ಮಕ್ಕಳೇ, ನಮಗೆ ಅದೇ ಪರಿಮಳ! ಅಪ್ಪ ಮಂಜಿಯ ತಂಡೇಲರಾಗಿದ್ದರು. ಮಂಜಿ ಎಂದರೆ ಹಾಯಿ ಕಟ್ಟಿದ ದೊಡ್ಡ ಮರದ ಹಡಗು, ತಂಡೇಲ ಎಂದರೆ ಅದನ್ನು ನಡೆಸುವವರು. ಮಳೆಗಾಲ ಕಳೆದು ಕಡಲು ಸಮಾಧಾನವಾದ ಮೇಲೆ ಅಪ್ಪ ಅಕ್ಕಿ, ಹಂಚು ತುಂಬಿಸಿಕೊಂಡು ಪಶ್ಚಿಮದ ದ್ವೀಪಗಳಿಗೆ ಹೋಗುತ್ತಿದ್ದರು. ಬರುವಾಗ ಕೊಬ್ಬರಿ, ತೆಂಗಿನ ನಾರು ತರುತ್ತಿದ್ದರು.

ಅವರ ಹತ್ತಿರ ಒಂದು ಮರದ ಪೆಟ್ಟಿಗೆ ಇತ್ತು. ಒಳಗೆ ಬಟ್ಟೆಯ ಹಾಸು, ಹಾಸಿನ ಮೇಲೆ ಹಿತ್ತಾಳೆಯ ಬಟ್ಟಲು, ಬಟ್ಟಲಿನ ಗಾಜಿನಡಿಯಲ್ಲಿ ಸದಾ ನಡುಗುವ ಒಂದು ಸೂಜಿ. ನಿಮ್ಮ ಪುಸ್ತಕದಲ್ಲಿ ದಿಕ್ಸೂಚಿ ಎಂದಿದೆಯಲ್ಲ, ಅದೇ. ನಾವು ದಿಕ್ಕಿನ ಪೆಟ್ಟಿಗೆ ಎನ್ನುತ್ತಿದ್ದೆವು. ಅಪ್ಪ ಮನೆಗೆ ಬಂದಾಗಲೆಲ್ಲ ಬಟ್ಟಲನ್ನು ಹುಣಸೆಹುಳಿ ಹಾಕಿ ತಿಕ್ಕಿ, ಪೆಟ್ಟಿಗೆಯನ್ನು ಜಗಲಿಯ ಮೇಲೆ ಇಡುತ್ತಿದ್ದರು. ನಾನು ಅದನ್ನು ಹೇಗೆ ತಿರುಗಿಸಿದರೂ ಸೂಜಿ ಅತ್ತಿತ್ತ ತೂಗಿ ಕೊನೆಗೆ ನಮ್ಮ ಬಾವಿಯ ಕಡೆಗೇ ನಿಲ್ಲುತ್ತಿತ್ತು.

“ಬಾವಿಯಲ್ಲಿ ಎಂತ ಉಂಟು ಅಪ್ಪ?” ಎಂದು ಕೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

“ಬಾವಿಯಲ್ಲಿ ಎಂತದ್ದೂ ಇಲ್ಲ ಮಾರಾಯ. ಈ ಭೂಮಿಯೇ ಒಂದು ದೊಡ್ಡ ಅಯಸ್ಕಾಂತ, ಈ ಸೂಜಿ ಸಣ್ಣ ಅಯಸ್ಕಾಂತ. ದೊಡ್ಡದು ಹೇಳಿದ ಕಡೆಗೆ ಸಣ್ಣದು ತಿರುಗ್ತದೆ. ಬಾವಿ ಉತ್ತರಕ್ಕೆ ಉಂಟು, ಅಷ್ಟೇ.”

ಆ ವರ್ಷದ ಮೊದಲ ಪಯಣದಲ್ಲೇ ಅಪ್ಪನ ಮಂಜಿ ದಾರಿ ತಪ್ಪಿ, ದ್ವೀಪದ ಹತ್ತಿರದ ಹವಳದ ಬಂಡೆಗೆ ಬಡಿದು ಒಡೆಯಿತು. ಉಳಿದವರೆಲ್ಲ ಸಣ್ಣ ದೋಣಿಗೆ ಹಾರಿ ಬದುಕಿದರು. ಅಪ್ಪನ ಮೇಲೆ ಹಾಯಿಕಂಬ ಬಿತ್ತು. ಅವರು ಮೇಲೆ ಬರಲೇ ಇಲ್ಲ. ಸುದ್ದಿ ಬಂತು, ಸತ್ತವರಿಗೆ ಮಾಡುವ ಬೊಜ್ಜವೂ ಆಯಿತು. ಸುಡುವುದಕ್ಕೆ ದೇಹವೇ ಇರಲಿಲ್ಲ. ಅದರ ಮೇಲೆ ಬಂದರಿನಲ್ಲಿ ಒಂದು ಮಾತು ಹುಟ್ಟಿತು: ತಂಡೇಲನಿಗೆ ನಿದ್ದೆ ಹತ್ತಿತ್ತಂತೆ, ಇಲ್ಲದಿದ್ದರೆ ಇಷ್ಟು ವರ್ಷ ಹೋದ ದಾರಿ ತಪ್ಪುವುದೆಂದರೇನು? ಶಾಲೆಯಲ್ಲಿ ಹುಡುಗರು ನನ್ನನ್ನು ಕಂಡರೆ ಗೊರಕೆ ಹೊಡೆದು ತೋರಿಸುತ್ತಿದ್ದರು. ನಾನು ಒಬ್ಬನ ಮೂಗಿಗೆ ಸರಿಯಾಗಿ ಗುದ್ದಿದೆ. ಅದರಿಂದ ಮಾತು ನಿಲ್ಲಲಿಲ್ಲ.

ಈಗ ನಾನು ಹೇಳಲು ಹೊರಟದ್ದು ಆಮೇಲಿನ ಒಂದು ಮಧ್ಯಾಹ್ನದ ಕಥೆ. ಅಪ್ಪನ ಜೊತೆ ಮಂಜಿಯಲ್ಲಿ ಹಾಯಿ ಬಿಚ್ಚಿ ಕಟ್ಟುವ ಖಲಾಸಿ ಒಬ್ಬರಿದ್ದರು. ನೆಂಟರಲ್ಲ, ಆದರೂ ನಾವು ಮಾಮ ಎಂದೇ ಕರೆಯುತ್ತಿದ್ದೆವು. ಕಾಲು ಮುರಿದು ದ್ವೀಪದಲ್ಲೇ ಉಳಿದಿದ್ದ ಅವರು ಅಂದು ಕುಂಟುತ್ತ ನಮ್ಮ ಮನೆಗೆ ಬಂದರು. ಕಂಕುಳಲ್ಲಿ ಅಪ್ಪನ ದಿಕ್ಕಿನ ಪೆಟ್ಟಿಗೆ ಇತ್ತು. ಮಂಜಿ ಒಡೆದಾಗ ಅದನ್ನು ಎತ್ತಿಕೊಂಡೇ ಅವರು ದೋಣಿಗೆ ಹಾರಿದ್ದರಂತೆ. ಅಜ್ಜಿ, ಅಂದರೆ ಅಪ್ಪನ ತಾಯಿ, ಒಳಗೆ ಚಾಪೆಯ ಮೇಲೆ ಮಲಗಿದ್ದಳು. ಅಮ್ಮ ಬೆಲ್ಲ ನೀರು ತಂದಿಟ್ಟಳು. ಮಾಮ ಅದನ್ನು ಮುಟ್ಟಲಿಲ್ಲ.

“ತಂಡೇಲರು ನಿದ್ದೆ ಮಾಡಲಿಲ್ಲ ಅಕ್ಕ,” ಎಂದು ಅವರು ಅಮ್ಮನಿಗೆ ಹೇಳಿದರು. “ದಡ ಕಣ್ಣಿಂದ ಮರೆಯಾದ ಮೇಲೆ ಬರೀ ಮೋಡ. ಸೂರ್ಯ ಇಲ್ಲ, ನಕ್ಷತ್ರ ಇಲ್ಲ. ಅವರು ಈ ಸೂಜಿಯನ್ನೇ ನೋಡ್ತಾ ಕೂತಿದ್ದರು. ಉಳಿದವರು ಮಲಗಿದ್ದರು, ಕಂಡದ್ದು ನಾನೊಬ್ಬನೇ. ಸೂಜಿ ಹೇಳಿದ ಹಾಗೆಯೇ ಹೋದದ್ದು. ಆದರೂ ಹೇಗೆ ತಪ್ಪಿತು ಅಂತ ನನಗೆ ಇವತ್ತಿಗೂ ಗೊತ್ತಾಗುವುದಿಲ್ಲ.”

ಅವರು ಪೆಟ್ಟಿಗೆಯನ್ನು ಜಗಲಿಯ ಮೇಲಿಟ್ಟು ಮುಚ್ಚಳ ತೆಗೆದರು. ಹಿತ್ತಾಳೆ ಹಸಿರುಗಟ್ಟಿತ್ತು. ಸೂಜಿ ತೂಗಿತು, ತೂಗಿತು, ನಿಂತಿತು. ನಿಂತದ್ದು ಬಾವಿಯ ಕಡೆಗಲ್ಲ, ದನದ ಕೊಟ್ಟಿಗೆಯ ಕಡೆಗೆ! ನಾನು ಅದನ್ನು ಹೇಳಿದೆ. ಮಾಮ ಪೆಟ್ಟಿಗೆಯನ್ನು ತಿರುಗಿಸಿ ನೋಡಿದರು. ಸೂಜಿ ಈಗ ಇನ್ನೆಲ್ಲಿಗೋ ತೋರಿಸಿತು. ಪಕ್ಕದಲ್ಲೇ ಇದ್ದ ನನ್ನ ಅಕ್ಕ ನನಗಿಂತ ಚುರುಕು. ಅವಳು ಬಟ್ಟಲನ್ನು ಮೆಲ್ಲನೆ ಎತ್ತಿ ಹಾಸಿನ ಕೆಳಗೆ ಬೆರಳು ತೂರಿಸಿದಳು. ಅಲ್ಲಿ ಒಂದು ಮೂಲೆಯಲ್ಲಿ, ಕೆಂಪು ಬಟ್ಟೆಯಲ್ಲಿ ಸುತ್ತಿದ ಕತ್ತಿಯ ತುಂಡೊಂದು ಸಿಕ್ಕಿತು. ಅದನ್ನು ದೂರ ಇಟ್ಟು ಬಟ್ಟಲನ್ನು ಮತ್ತೆ ಕೂರಿಸಿದ ಕೂಡಲೇ ಸೂಜಿ ಸುತ್ತಿ ಬಂದು ಬಾವಿಯ ಕಡೆಗೆ ನಿಂತಿತು.

ಆ ಗಂಟು ಯಾರ ಕೈಯದ್ದೆಂದು ನಮಗೆಲ್ಲ ಗೊತ್ತಿತ್ತು. ಕಬ್ಬಿಣ ಇದ್ದಲ್ಲಿ ಕೆಟ್ಟದ್ದು ಸುಳಿಯುವುದಿಲ್ಲ ಎಂದು ನಮ್ಮ ಕಡೆ ನಂಬಿಕೆ. ಬಾಣಂತಿಯ ತಲೆದಿಂಬಿನ ಅಡಿಯಲ್ಲಿ, ತೊಟ್ಟಿಲಲ್ಲಿ, ಕತ್ತಲಲ್ಲಿ ಹೊತ್ತೊಯ್ಯುವ ಮೀನಿನ ಪಾತ್ರೆಯಲ್ಲಿ ಕೂಡ ಒಂದು ತುಂಡು ಕಬ್ಬಿಣ ಇಡುತ್ತಿದ್ದರು. ಅಪ್ಪ ಹೊರಡುವ ಮೊದಲು ಅಜ್ಜಿ ಕೆಟ್ಟ ಕನಸು ಕಂಡು ಗೋಳಾಡಿದ್ದಳು. ಮಗ ಎಲ್ಲಿ ಹೋದರೂ ಕೈಬಿಡದ ವಸ್ತು ಯಾವುದು? ಈ ಪೆಟ್ಟಿಗೆ. ಪಾಪ, ಅದರೊಳಗೇ ಅವಳು ಇಟ್ಟುಬಿಟ್ಟಿದ್ದಳು. ಭೂಮಿ ದೊಡ್ಡ ಅಯಸ್ಕಾಂತ, ನಿಜ. ಆದರೆ ಅಷ್ಟು ಹತ್ತಿರ ಕಬ್ಬಿಣ ಇದ್ದರೆ ಸೂಜಿ ಅದರ ಸೆಳೆತಕ್ಕೂ ಒಳಗಾಗುತ್ತದೆ. ಸ್ವಲ್ಪವೇ ಓರೆಯಾದರೂ ಸಾಕು. ಮನೆಯಂಗಳದಲ್ಲಿ ಅದು ನಾಲ್ಕು ಹೆಜ್ಜೆಯ ವ್ಯತ್ಯಾಸ, ಕಡಲಲ್ಲಿ ಒಂದು ದ್ವೀಪವೇ ತಪ್ಪಿಹೋಗುತ್ತದೆ.

ಮಾಮ ಮೊದಲು ಬಾಯಿ ಬಿಟ್ಟರು. “ನಾನು ಈಗಲೇ ಬಂದರಿಗೆ ಹೋಗಿ ಹೇಳ್ತೇನೆ. ತಂಡೇಲರದ್ದು ತಪ್ಪಿಲ್ಲ ಅಂತ ಎಲ್ಲರಿಗೂ ಗೊತ್ತಾಗಲಿ.”

ನನಗೆ ಹಾರಿ ಕುಣಿಯುವಷ್ಟಾಯಿತು. ಗೊರಕೆ ಹೊಡೆದವರ ಮುಖ ನೋಡಬೇಕು ನಾಳೆ! ಆದರೆ ಅಮ್ಮ ಕತ್ತಿಯ ತುಂಡನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಅಂಥ ಸಿಟ್ಟನ್ನು ನಾನು ಹಿಂದೆ ಕಂಡಿರಲಿಲ್ಲ. ಈಗ ಒಳಗೆ ಹೋಗಿ ಅಜ್ಜಿಯನ್ನು ಏನು ಮಾಡುತ್ತಾಳೋ ಎಂದು ಹೆದರಿ ಅಕ್ಕ ನನ್ನ ಕೈ ಹಿಡಿದುಕೊಂಡಳು.

ಅಷ್ಟರಲ್ಲಿ ಅಜ್ಜಿಯೇ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು. ಮಾಮನ ದನಿ ಕೇಳಿ ಎದ್ದಿದ್ದಳು. ಪೆಟ್ಟಿಗೆಯನ್ನು ತಡವಿ ಗುರುತು ಹಿಡಿದಳು, ಮಗುವಿನ ತಲೆ ಸವರಿದ ಹಾಗೆ ಸವರಿದಳು. ಆಮೇಲೆ ಹಾಸಿನ ಕೆಳಗೆ ಕೈ ಹಾಕಿ ಹುಡುಕಿದಳು.

“ನಾನು ಒಂದು ಕಬ್ಬಿಣ ಇಟ್ಟಿದ್ದೆ. ಅದು ಬಿದ್ದುಹೋಗಿರಬೇಕು. ಹಾಗಾಗಿಯೇ ನನ್ನ ಮಗ ಹೋದ.”

ಅಮ್ಮ ಮುಷ್ಟಿ ಬಿಚ್ಚಿ ತುಂಡನ್ನು ಅವಳ ಅಂಗೈಯಲ್ಲಿ ಇಟ್ಟಳು. “ಇಲ್ಲಿ ಉಂಟು ಅತ್ತೆ. ಬಿದ್ದಿರಲಿಲ್ಲ.”

ಅಜ್ಜಿ ಅದನ್ನು ಬೆರಳಿನಿಂದ ಅಳೆದು ನೋಡಿ ಎದೆ ಬಡಿದುಕೊಂಡು ಅತ್ತಳು. “ಅಯ್ಯೋ, ಸಣ್ಣದಾಯಿತು! ಇಡೀ ಕತ್ತಿಯನ್ನೇ ಇಡಬೇಕಿತ್ತು ನಾನು.”

ಆ ಮಾತು ಕೇಳಿ ಮಾಮ ಮುಖ ಮುಚ್ಚಿಕೊಂಡರು. ಅಮ್ಮ ಅಜ್ಜಿಯ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದಳು.

“ಹಾಗೆ ಹೇಳಬೇಡಿ ಅತ್ತೆ. ನೀವು ಇಟ್ಟದ್ದಕ್ಕೇ ಉಳಿದವರು ಜೀವಸಹಿತ ಬಂದದ್ದು. ಬೇಕಾದರೆ ಕೇಳಿ.”

“ಹೌದಮ್ಮ, ಹೌದು,” ಎಂದರು ಮಾಮ.

ಮಾಮ ಹೊರಡುವಾಗ ಅಮ್ಮ ಅಂಗಳದ ತನಕ ಹೋಗಿ, “ಬಂದರಿನಲ್ಲಿ ಹೇಳಿದರೆ ಸಂಜೆಯೊಳಗೆ ಅತ್ತೆಯ ಕಿವಿಗೆ ಬೀಳ್ತದೆ. ಬೇಡ. ಅವರು ನಿದ್ದೆ ಮಾಡಿದ್ದರು ಅಂತಲೇ ಇರಲಿ,” ಎಂದಳು. ನಾನು ಕಾಲು ಬಡಿದು ಅತ್ತುಬಿಟ್ಟೆ. ಅಮ್ಮ ನನಗೆ ಬೈಯಲಿಲ್ಲ. ಬಾವಿಗೆ ಹೋಗಿ ನೀರು ಸೇದಿದಳು. ಕೊಡ ತುಂಬಿದ ಮೇಲೂ ಸೇದುತ್ತಲೇ ಇದ್ದಳು.

ಮಾಮ ಅಮ್ಮನ ಮಾತಿಗೆ ತಪ್ಪಲಿಲ್ಲ. ಅಜ್ಜಿ ತನ್ನ ಕಬ್ಬಿಣ ಉಳಿದವರನ್ನು ಕಾಯಿತು ಎಂದು ನಂಬಿಕೊಂಡೇ ಕಣ್ಣು ಮುಚ್ಚಿದಳು. ಕೊನೆಯ ತನಕ ಅವಳಿಗೆ ಗಂಜಿ ಕುಡಿಸಿದವಳು ಅಮ್ಮ. ಬಂದರಿನ ಜನ ಅಪ್ಪನನ್ನು ನೆನೆದಾಗಲೆಲ್ಲ ನಿದ್ದೆಯ ಮಾತು ಎತ್ತುತ್ತಿದ್ದರು. ಈಗ ಹಾಗೆ ಹೇಳುವವರೂ ಉಳಿದಿಲ್ಲ, ಹಾಯಿಯ ಮಂಜಿಗಳೂ ಇಲ್ಲ.

ನಿಮ್ಮ ಅಪ್ಪ ಬೈಕಂಪಾಡಿಯ ಕೆಲಸ ಮುಗಿಸಿ ಹೊರಟರೆ ನೀವು ಫೋನಿನಲ್ಲಿ ನೀಲಿ ಚುಕ್ಕೆ ನೋಡಿ, “ಅಜ್ಜ, ಅಪ್ಪ ಕದ್ರಿಗೆ ಬಂದ್ರು” ಅನ್ನುತ್ತೀರಿ. ಆ ಫೋನಿನೊಳಗೂ ದಿಕ್ಕು ನೋಡುವುದೊಂದು ಉಂಟಂತೆ. ಕಬ್ಬಿಣವೋ ಅಯಸ್ಕಾಂತವೋ ಹತ್ತಿರ ಬಂದು ಅದು ಗಲಿಬಿಲಿಯಾದರೆ, ಎಂಟರ ಆಕಾರದಲ್ಲಿ ತಿರುಗಿಸಿ ನನ್ನನ್ನು ಸರಿಮಾಡಿ ಎಂದು ತಾನೇ ಕೇಳುತ್ತದಂತೆ. ನನ್ನ ಅಪ್ಪನ ಪೆಟ್ಟಿಗೆಗೆ ಹಾಗೆ ಹೇಳಲು ಬಾಯಿ ಇರಲಿಲ್ಲ. ಬಾಯಿ ಇದ್ದ ಅಮ್ಮ ಹೇಳಲಿಲ್ಲ. ಈಗ ಕೇಳಿ ನೊಂದುಕೊಳ್ಳುವುದಕ್ಕೆ ಅಜ್ಜಿ ಇಲ್ಲ, ಹಾಗಾಗಿ ನಾನು ಹೇಳುತ್ತಿದ್ದೇನೆ, ನೀವು ಕೇಳಿಸಿಕೊಳ್ಳಿ ಮಕ್ಕಳೇ: ನಿಮ್ಮ ಮುತ್ತಜ್ಜ ನಿದ್ದೆ ಮಾಡಿರಲಿಲ್ಲ.