ಊರುಗೋಲಿಗೆ ಒಂದು ದಿನದ ರಜೆ

ನನ್ನನ್ನು ಎಬ್ಬಿಸಿ ನಡೆಸಿದ್ದು ಆಯುಧಪೂಜೆಯ ಮಹಿಮೆಯಂತೆ. ಮಾಡದಕೆರೆಯಲ್ಲಿ ಎಲ್ಲರೂ ಹಾಗೇ ಹೇಳುತ್ತಿದ್ದಾರೆ.

ಅಲ್ಲಿಗೇ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಕಥೆ ನನಗಿಂತ ಮೊದಲೇ ಬಸ್ಸು ಹತ್ತಿದೆ. ಪೂಜೆಯಾಗಿ ಊಟವೂ ಮುಗಿದ ಮೇಲೆ ನಾನು ನಡೆದದ್ದು. ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ ಮಂಗಳಾರತಿ ಎತ್ತುವಾಗಲೇ ನಡೆದೆನಂತೆ. ಹೊಳಲ್ಕೆರೆಯ ದೊಡ್ಡಮ್ಮನ ಪ್ರಕಾರ ಓಡಿದೆ. ಚಿತ್ರದುರ್ಗಕ್ಕೆ ಬಂದು ಬಾಡಿಗೆ ಮನೆಯ ಬೀಗ ತೆಗೆಯುತ್ತಿದ್ದರೆ, ಮಾಲೀಕರ ಹೆಂಡತಿ ಹತ್ತಿರ ಬಂದು, "ಅಲ್ಲರೀ ಟೀಚರ್, ಹುಟ್ಟಿದಾಗ್ನಿಂದ ಇದ್ದ ಕುಂಟು ಹೋಯ್ತಂತಲ್ಲ" ಅಂದರು. ಆಕೆ ನನ್ನನ್ನು ಎರಡು ವರ್ಷದಿಂದ ದಿನಾ ನೋಡುತ್ತಿದ್ದಾರೆ. (ಎರಡು ಕಾಲಲ್ಲಿ ನಡೆಯುವುದನ್ನೇ.)

ಕಣ್ಣಿಗೆ ಕಂಡದ್ದಕ್ಕಿಂತ ಕಿವಿಗೆ ಬಿದ್ದದ್ದೇ ಜನಕ್ಕೆ ಯಾಕೆ ರುಚಿ? ಇರಲಿ. ನಡೆದವಳು ನಾನು, ನಡೆದದ್ದನ್ನು ಹೇಳುವ ಹಕ್ಕೂ ನನ್ನದೇ.

ಕಾಲು ಮುರಿದದ್ದು ಹಿರಿಯೂರಿನಲ್ಲಿ, ಶಿಕ್ಷಕರ ಚರ್ಚಾಸ್ಪರ್ಧೆಯ ದಿನ. ವಿಷಯ, 'ಹಳ್ಳಿಯೇ ದೇಶದ ಬೆನ್ನೆಲುಬು'. ನಾನು ಪರ. ಕೊನೆಯ ವಾಕ್ಯಕ್ಕೆ ಸ್ವಲ್ಪ ತೂಕ ಬರಲಿ ಎಂದು ಒಂದು ಹೆಜ್ಜೆ ಹಿಂದಕ್ಕೆ ಇಟ್ಟೆ. ಅಲ್ಲಿ ವೇದಿಕೆ ಇರಲಿಲ್ಲ. ಬೆನ್ನೆಲುಬಿನ ಪರವಾಗಿ ವಾದಿಸಿ ಮೊಣಕಾಲ ಕೆಳಗಿನ ಮೂಳೆ ಮುರಿದುಕೊಂಡೆ. ಮೊದಲ ಬಹುಮಾನದ ಕಪ್ಪನ್ನು ಆಸ್ಪತ್ರೆಗೇ ತಂದುಕೊಟ್ಟರು. ದಯವಿಟ್ಟು ಇದನ್ನು ನೆನಪಿನಲ್ಲಿಡಿ: ಬಿದ್ದೆ, ಸೋಲಲಿಲ್ಲ.

ಎಂಟು ವಾರ ಪ್ಲಾಸ್ಟರ್. ಬಿಚ್ಚಿದ ದಿನ ಡಾಕ್ಟರು ಸ್ಪಷ್ಟವಾಗಿಯೇ ಹೇಳಿದರು. ಮೂಳೆ ಚೆನ್ನಾಗಿ ಕೂಡಿದೆ, ಇನ್ನೊಂದು ವಾರ ಊರುಗೋಲು ಹಿಡಿದು ಕಾಲಿಗೆ ಸ್ವಲ್ಪ ಸ್ವಲ್ಪ ಭಾರ ಕೊಡಿ, ಆಮೇಲೆ ಕೋಲು ಬಿಟ್ಟುಬಿಡಿ. ಬಿಡದಿದ್ದರೆ ಮಂಡಿ ಬಿಗಿದುಕೊಳ್ಳುತ್ತದೆ, ಕುಂಟು ಕಾಯಂ ಆಗುತ್ತದೆ.

ಒಂದು ವಾರ ಮೂರು ವಾರವಾಯಿತು. ನಾನು ಕೋಲು ಬಿಡಲಿಲ್ಲ.

ಯಾಕೆ? ಕಾರಣಗಳಿಗೇನು ಬರವೇ? ನೆಲ ನುಣುಪು. ಬೆಳಿಗ್ಗೆ ಚಳಿ. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಅನುಭವ ಸಾಲದು. (ಅವರು ನನಗಿಂತ ಹತ್ತು ವರ್ಷ ದೊಡ್ಡವರು.) ಅಮ್ಮ ಒಂದು ಹೇಳಿದರೆ ನಾನು ಮೂರು ಹೇಳುತ್ತಿದ್ದೆ. ಅವಳು ಸೋತು ಸೆರಗಿನಿಂದ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು. ನಾನು ಗೆದ್ದು ಕುರ್ಚಿಯಲ್ಲೇ ಕೂತಿರುತ್ತಿದ್ದೆ.

ನಿಜವಾದ ಕಾರಣವನ್ನು ಯಾರಿಗೂ ಹೇಳಿರಲಿಲ್ಲ. ಬಿದ್ದಾಗ ಕಾಲಿನೊಳಗೆ 'ಲಟಕ್' ಅಂತ ಒಂದು ಸದ್ದು ಕೇಳಿತ್ತು. ಪಾದ ನೆಲಕ್ಕೆ ತಾಗಿದರೆ ಸಾಕು, ಆ ಸದ್ದು ಮತ್ತೆ ಕೇಳುತ್ತದೆ ಎನ್ನಿಸುತ್ತಿತ್ತು. ಹೆದರಿಕೆಯ ಎದುರು ಎಂಥ ವಾದ ಮಂಡಿಸುತ್ತೀರಿ?

ಈ ಸಲ ಆಯುಧಪೂಜೆ ಶನಿವಾರ, ವಿಜಯದಶಮಿ ಭಾನುವಾರ. (ಎರಡು ರಜೆ ವಾರದ ಕೊನೆಯೊಳಗೇ ಮುಳುಗಿಹೋದ ದುಃಖ ಸರ್ಕಾರಿ ನೌಕರರಿಗೆ ಮಾತ್ರ ಗೊತ್ತು.) ಶುಕ್ರವಾರವೇ ಅಮ್ಮ ನನ್ನನ್ನು ತನ್ನ ತವರು ಮಾಡದಕೆರೆಗೆ ಕರೆದುಕೊಂಡು ಹೋದಳು. ಅಲ್ಲಿ ಅಜ್ಜಿ, ಮಾವ, ಅತ್ತೆ, ಎರಡೆಕರೆ ಹೊಲ, ನಲವತ್ತು ಕುರಿ. ಬಸ್ಸಿಳಿದು ಬಾಗಿಲಿಗೆ ಬಂದರೆ ಒಂದು ನಾಯಿ ಮೈಮೇಲೆ ಬಂತು. ಊರುಗೋಲು ಬೀಸಿ ಓಡಿಸಿದೆ. ಜಗಲಿಯ ಮೇಲಿದ್ದ ಅಜ್ಜಿ ನೋಡುತ್ತಿದ್ದಳು.

"ಡಾಕ್ಟ್ರು ಏನಂದ್ರು?" ಎಂದು ಅಮ್ಮನನ್ನು ಕೇಳಿದಳು. ಅಮ್ಮ ಎಲ್ಲ ಹೇಳಿದಳು. ಅಜ್ಜಿ "ಹೂಂ" ಅಂದಳು. ಅಷ್ಟೇ.

ಶನಿವಾರ ಬೆಳಿಗ್ಗೆ ಸ್ನಾನ ಮುಗಿಸಿ ಬಚ್ಚಲಿನ ಬಾಗಿಲ ಸಂದಿಯಿಂದ ಕೈಚಾಚಿದೆ. ಗೋಡೆಗೆ ಒರಗಿಸಿಟ್ಟಿದ್ದ ಕೋಲು ಸಿಗಲಿಲ್ಲ. ಅತ್ತೆಯ ಹೆಗಲು ಹಿಡಿದು ಕುಪ್ಪಳಿಸಿಕೊಂಡು ನಡುಮನೆಗೆ ಬಂದರೆ, ಪೂಜೆಗೆ ಸಾಲಾಗಿ ಇಟ್ಟಿದ್ದಾರೆ: ನೇಗಿಲು, ಗುದ್ದಲಿ, ಕುಡುಗೋಲು, ಕುರಿಯ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ, ಅಡುಗೆಮನೆಯ ಈಳಿಗೆ ಮಣೆ. ಕೊನೆಯಲ್ಲಿ ನನ್ನ ಎರಡು ಊರುಗೋಲು. ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು.

"ಅಜ್ಜಿ, ನನ್ನ ಕೋಲು ಕೊಡು."

"ಆಯುಧ ಕಣವ್ವ. ಪೂಜೆಗೆ ಕುಂತೈತೆ. ಇವತ್ತು ಮುಟ್ಟಂಗಿಲ್ಲ. ನಾಳೆ ಬೆಳಿಗ್ಗೆ ಆರತಿ ಆದ್ಮೇಲೆ ತಗಂಬೋದು."

"ಊರುಗೋಲು ಆಯುಧ ಹೇಗಾಗುತ್ತೆ?"

"ನಿನ್ನೆ ನಾಯಿ ಓಡ್ಸಿದ್ದು ಯಾವುದ್ರಾಗೆ?"

ಒಂದು ಪಾಯಿಂಟ್ ಹೋಯಿತು.

ಅಷ್ಟರಲ್ಲಿ ಮಾವ ಹೂವಿನ ಹಾರ ಹಾಕಿದ ಸೈಕಲ್ಲನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿ, ಬೆಲ್ ಹೊಡೆಯುತ್ತ ಅಂಗಳದಲ್ಲಿ ಒಂದು ಸುತ್ತು ಬಂದ. ನಾನು ಬಿಡಲಿಲ್ಲ. "ಸೈಕಲ್ಲಿಗೂ ಪೂಜೆ ಆಯ್ತಲ್ಲ, ಅದನ್ನ ಮಾತ್ರ ಮುಟ್ಟಬಹುದಾ?"

"ಅದು ವಾಹ್ನ. ಓಡ್ಬೇಕು."

"ನನಗೆ ಈ ಕೋಲೇ ವಾಹನ."

"ಹೌದಾ? ಗಾಲಿ ಎಲ್ಲವೆ?"

ಮಾವ ಸೈಕಲ್ ನಿಲ್ಲಿಸಿ ನಕ್ಕ. "ಲೇ ವಿಮಲಿ, ಆ ಕಪ್ಪು ತಂದು ನಿಮ್ಮಜ್ಜಿಗೆ ಕೊಟ್ಬಿಡು."

ಮೂರು ಜಿಲ್ಲೆಯ ವೇದಿಕೆಗಳಲ್ಲಿ ಮಾತಾಡಿದವಳು ನಾನು. ಶಾಲೆಯ ಮೆಟ್ಟಿಲನ್ನೇ ಹತ್ತದ ಎಪ್ಪತ್ತು ದಾಟಿದ ಮುದುಕಿ, ಎರಡು ಪ್ರಶ್ನೆಯಲ್ಲಿ ಮುಗಿಸಿದಳು. ಸಾಲದ್ದಕ್ಕೆ ಅಮ್ಮನೂ ನಗುತ್ತಿದ್ದಳು. ಅವಳು ನಕ್ಕದ್ದನ್ನು ಕಂಡು ಎಷ್ಟು ದಿನವಾಗಿತ್ತು?

ಊಟಕ್ಕೆ ಹೋಳಿಗೆ. ಆಮೇಲೆ ನನ್ನನ್ನು ಕೋಣೆಯ ಮಂಚಕ್ಕೆ ಸಾಗಿಸಿದರು. ಅಜ್ಜಿ ಜಗಲಿಯಲ್ಲಿ ಎಲೆಅಡಿಕೆ ಹರವಿಕೊಂಡು ಕೂತಳು. ಪಕ್ಕದ ಮನೆಯ ಗಂಗಮ್ಮ ಮತ್ತಿಬ್ಬರು ಹೆಂಗಸರು ಬಂದರು. ಮಾತು ನನಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಇತ್ತು.

"ಹೆಂಗ್ ಬಿದ್ಲಂತೆ ನಿಮ್ ಮೊಮ್ಮಗ್ಳು?" ಗಂಗಮ್ಮ ಕೇಳಿದಳು.

"ಅದೇನೋ ಮಾತಿನ್ ಪಂದ್ಯ ಕಣವ್ವ," ಅಜ್ಜಿ ಶುರುಮಾಡಿದಳು. "ಎದುರಿನೋಳು ಜೋರಾಗಿ ಕೇಳಿದ್ಲಂತೆ. ಇವ್ಳಿಗೆ ಮಾತೇ ಹೊರಡ್ಲಿಲ್ಲ. ಹೆದ್ರಿ ಹಿಂದ್ ಹಿಂದಕ್ ಹೋದ್ಲು. ಸೋತು ಬಿದ್ಲು."

ನಾನು ಮಂಚದ ಮೇಲೆ ಎದ್ದು ಕೂತೆ. "ಅಜ್ಜಿ, ಹಾಗಲ್ಲ," ಎಂದು ಕೂಗಿದೆ.

"ಪಾಪ, ಮುಖ ತೋರ್ಸಾಕೆ ನಾಚ್ಕೆ, ಅದಕ್ಕೇ ಎಲ್ಲೂ ಹೊರಗೆ ಬರಾಕಿಲ್ಲ," ಅಜ್ಜಿ ಮುಂದುವರಿಸಿದಳು.

"ಅಜ್ಜಿ."

"ಗೆದ್ದೋಳು ಯಾರೋ ಹೊಳಲ್ಕೆರೆ ಕಡೆ ಹುಡ್ಗಿಯಂತೆ. ಬಲೇ ಚುರುಕಂತೆ."

ಹೊಳಲ್ಕೆರೆ ಕಡೆಯ ಹುಡುಗಿಗೆ ನಾಲ್ಕನೆಯ ಬಹುಮಾನ. ಅದೂ ಸಮಾಧಾನಕರ.

ಆಮೇಲೆ ನನಗೆ ನೆನಪಿರುವುದು ಇಷ್ಟೇ: ಬಾಗಿಲ ಚೌಕಟ್ಟು ನನ್ನ ಕೈಯಲ್ಲಿದೆ, ಮುಂದೆ ಜಗಲಿ, ನಾಲ್ಕು ಮುಖ, ಮತ್ತು ನನ್ನ ದನಿ. "ನಾನು ಸೋಲಲಿಲ್ಲ. ಹೆದರಲೂ ಇಲ್ಲ. ಮೊದಲ ಬಹುಮಾನ ನನ್ನದು. ಕಪ್ಪು ಮನೆಯಲ್ಲಿದೆ, ಬೇಕಾದರೆ ತಂದು ತೋರಿಸುತ್ತೇನೆ."

ಯಾರೂ ನನ್ನ ಮುಖ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಕೆಳಗಿತ್ತು.

ಅಜ್ಜಿ ಅಡಿಕೆ ಬಾಯಿಗೆ ಹಾಕಿಕೊಂಡು ಕೇಳಿದಳು. "ಕಪ್ಪು ಇರ್ಲಿ. ಕೋಲು ಎಲ್ಲೈತೆ?"

ಆಗ ನಾನೂ ಕೆಳಗೆ ನೋಡಿದೆ. ಎರಡು ಪಾದ. ಎರಡೂ ನೆಲದ ಮೇಲೆ. ಮಂಚದಿಂದ ಹೊಸ್ತಿಲವರೆಗೆ ಎಷ್ಟು ಹೆಜ್ಜೆಯೋ, ಎಲ್ಲಿಯೂ 'ಲಟಕ್' ಎಂದಿರಲಿಲ್ಲ. ಎಂದಿದ್ದರೂ ನನ್ನ ಗಲಾಟೆಯಲ್ಲಿ ಕೇಳಿಸುತ್ತಿರಲಿಲ್ಲ. ಹೊಸ್ತಿಲ ಮೇಲೇ ಕೂತುಬಿಟ್ಟೆ. ಅಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಅವಳಿಗೇ ಗೊತ್ತಿದ್ದಂತಿರಲಿಲ್ಲ. ನನ್ನ ಕೆನ್ನೆಗೆಲ್ಲ ಹಿಟ್ಟಾಯಿತು.

ಗಂಗಮ್ಮ ಕೈಮುಗಿದಳು. "ಕೋಲಿಗೆ ಪೂಜೆ ಮಾಡಿದ್ದಕ್ಕೆ ತಾಯಿ ಕಣ್ ಬಿಟ್ಲು ನೋಡ್ರಿ."

ಮಹಿಮೆಯ ಕಥೆ ಹುಟ್ಟಿದ್ದು ಅಲ್ಲಿ, ಆ ಗಳಿಗೆಯಲ್ಲಿ. ಸಾಕ್ಷಿ ನಾನೇ.

ಆ ಸಂಜೆ ನಾನು ಕೂರಲೇ ಇಲ್ಲ. ಜಗಲಿಯಿಂದ ಬಾವಿಕಟ್ಟೆಗೆ, ಬಾವಿಕಟ್ಟೆಯಿಂದ ಕುರಿ ರೊಪ್ಪಕ್ಕೆ. ಮಾವ ಸೈಕಲ್ ತಳ್ಳಿಕೊಂಡು ಪಕ್ಕದಲ್ಲೇ ಬರುತ್ತಿದ್ದ. "ಬಿದ್ರೆ ಹೇಳು, ಬೆಲ್ ಹೊಡೀತೀನಿ" ಎನ್ನುತ್ತಿದ್ದ. ಅಜ್ಜಿ ಎಲ್ಲರಿಗೂ ಮಂಡಕ್ಕಿ ಕಲಸಿಕೊಟ್ಟಳು. ಈರುಳ್ಳಿ, ಹಸಿಮೆಣಸಿನಕಾಯಿ, ಸಣ್ಣಗೆ ಹೆಚ್ಚಿದ ಸೌತೆಕಾಯಿ. ಒಂದೆರಡು ಸೌತೆಕಾಯಿ ಹೋಳಿನ ಅಂಚು ಕೆಂಪಗಿತ್ತು. ಖಾರದಪುಡಿ ಎಂದುಕೊಂಡು ತಿಂದೆ. ಖಾರವಿರಲಿಲ್ಲ. ಯೋಚಿಸಲು ಪುರಸೊತ್ತೂ ಇರಲಿಲ್ಲ, ಇನ್ನೊಂದು ಬೊಗಸೆ ಹಾಕಿಸಿಕೊಂಡೆ.

ಭಾನುವಾರ ಸಂಜೆ ಬನ್ನಿ ಕೊಡಲು ಹನ್ನೊಂದು ಮನೆಗೆ ಹೋದೆ, ಸ್ವಲ್ಪ ವಾಲಿಕೊಂಡು. ಪ್ರತಿ ಮನೆಯಲ್ಲೂ ಬನ್ನಿ ಎಲೆ ಕೊಟ್ಟು, ಕಪ್ಪಿನ ವಿಷಯ ಸ್ಪಷ್ಟಪಡಿಸಿ ಬಂದೆ.

ಸೋಮವಾರ ವಾಪಸು ಬರುವಾಗ ಊರುಗೋಲುಗಳು ಬಸ್ಸಿನ ಮೇಲೆ, ನಾನು ಕಿಟಕಿಯ ಪಕ್ಕ. ಹೊಳಲ್ಕೆರೆ ದಾಟಿದ ಮೇಲೆ ಆ ಕೆಂಪು ಹೋಳು ನೆನಪಾಯಿತು. ಖಾರವಿಲ್ಲದ ಕೆಂಪು. ಆ ಮನೆಯಲ್ಲಿ ತರಕಾರಿ ಹೆಚ್ಚುವ ಸಾಧನ ಒಂದೇ. ಅದರ ಅಲಗಿಗೆ ಬೆಳಿಗ್ಗೆ ಕುಂಕುಮ ಹಚ್ಚಿದ್ದನ್ನು ನಾನೇ ನೋಡಿದ್ದೆ. ಮಾರನೆಯ ದಿನದ ಆರತಿಯವರೆಗೆ ಅದನ್ನೂ ಮುಟ್ಟುವಂತಿರಲಿಲ್ಲ.

ಇದನ್ನು ಮಾವ ನಿನಗೆ ಓದಿ ಹೇಳುತ್ತಾನೆ, ಅಜ್ಜಿ. ಓದಿ ಮುಗಿಸಿದ ಮೇಲೆ ಬರೀ "ಹೂಂ" ಅನ್ನಬೇಡ. ಈಳಿಗೆ ಮಣೆಗೆ ಇಲ್ಲದ ರಜೆ ನನ್ನ ಊರುಗೋಲಿಗೆ ಮಾತ್ರ ಯಾಕಿತ್ತು?