ತೊಳೆಯದೆ ಬಣ್ಣ ಕೊಡದ ಕಾಕ

ಅವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಅದರ ಸಂದಿಯಲ್ಲಿ ಒಂದು ದಿನ ಹಸಿರು, ಒಂದು ದಿನ ಕಾವಿ, ಊರವರೆಲ್ಲ ಗೇಟಿಗೆ ಬಣ್ಣ ಹೊಡೆಸುವ ಮದುವೆ ಕಾಲದಲ್ಲಿ ಬೆಳ್ಳಿ. ಬಣ್ಣ ಬಳಿದದ್ದು ಏನೇ ಕಂಡರೂ ಆ ಉಗುರು ಸುಮ್ಮನಿರುತ್ತಿರಲಿಲ್ಲ. ಗೇಟಾಗಲಿ, ನಿಂತ ಬಸ್ಸಾಗಲಿ, ಒಮ್ಮೆ ಕೆರೆದು, "ಹ್ಞೂಂ, ಎರಡು ಮಳೆಗಾಲ" ಎಂದು ಆಯುಷ್ಯ ಹೇಳಿಬಿಡುವರು. ನಾನು ಅವರೆದುರು ಹೆಲ್ಮೆಟ್ಟನ್ನು ಬೆನ್ನ ಹಿಂದೆ ಹಿಡಿದು ನಿಲ್ಲುತ್ತಿದ್ದೆ.

ಕುಂಬ್ರದಲ್ಲಿ ಅವರದು ಪೇಂಟಿನ ಅಂಗಡಿ. ಊರಿಗೆಲ್ಲ ಅವರು ಕಾಕ. ಅಂಗಡಿಗೆ ಶೀಟು ಹೊದೆಸಿದ ಮಾಡಿನ ಅಂಚಿಗೆ ಕಬ್ಬಿಣದ ತುಂಡುಗಳನ್ನು ತಂತಿಯಲ್ಲಿ ತೂಗುಹಾಕಿದ್ದರು. ಒಂದೊಂದಕ್ಕೂ ಒಂದೊಂದು ಬಗೆಯ ಬಣ್ಣ. ಮಳೆ ಬಂದರೆ ಮಾಡಿನ ನೀರು ನೇರ ಅವುಗಳ ಮೇಲೆ. ಯಾವುದು ಬಾಳಿಕೆ ಬರುತ್ತದೆಂದು ಯಾರಾದರೂ ಕೇಳಿದರೆ ಬಾಯಿ ತೆರೆಯದೆ ಹೊರಗೆ ಬೆರಳು ತೋರಿಸುವರು. ಹಾಗೆಂದು ಅವರ ಕೈಗುಣ ಅಷ್ಟಕ್ಕಷ್ಟೆ. ಸ್ವಂತ ಸ್ಕೂಟರಿಗೆ ತಾವೇ ಹೊಡೆದ ಬಣ್ಣ ಹಾವಿನ ಪೊರೆಯಂತೆ ಏಳುತ್ತಿತ್ತು. "ಅದು ಅವಸರದಲ್ಲಿ ಆದದ್ದು, ನೋಡ್ಬೇಡಿ" ಎನ್ನುವರು.

ನನಗೆ ಅವರು ಬೇಕಾದದ್ದು ಜೀಪಿನ ದೆಸೆಯಿಂದ. ಬೆಳ್ಳಾರೆ ಕಡೆಯ ಗುಡ್ಡದ ಮೇಲಿರುವ ನಮ್ಮ ಮನೆಗೆ ಬೈಕು ಬಿಟ್ಟರೆ ಹತ್ತುವುದು ಜೀಪು ಮಾತ್ರ; ನಮ್ಮದೊಂದು ಹಳೆಯ ಜೀಪು. ಅತ್ತೆ, ಅಂದರೆ ಹೆಂಡತಿಯ ತಾಯಿ, ನಮ್ಮ ಜೊತೆಗೇ ಇದ್ದಾರೆ. ವಾರಕ್ಕೆರಡು ಸಲ ಅವರನ್ನು ಡಯಾಲಿಸಿಸ್‌ಗೆ ಪುತ್ತೂರಿಗೆ ಕರೆದೊಯ್ಯಬೇಕು. ಒಂದು ಬೇಸಿಗೆಯಲ್ಲಿ ಗ್ಯಾರೇಜಿನವನು ಚಾಸಿಗೆ, ಅಂದರೆ ಜೀಪಿನ ಅಡಿಯ ಕಬ್ಬಿಣದ ಚೌಕಟ್ಟಿಗೆ, ಸುತ್ತಿಗೆಯಿಂದ ಬಡಿದಾಗ ತುಕ್ಕು ಹಪ್ಪಳದ ಹಾಗೆ ಉದುರಿತು. ಎರಡು ಕಡೆ ವೆಲ್ಡಿಂಗ್ ಮಾಡಿ, "ಮಳೆಗೆ ಮುಂಚೆ ಒಳ್ಳೆ ಪೇಂಟ್ ಆಗದಿದ್ರೆ ಮುಂದಿನ ವರ್ಷ ಗುಜರಿಗೇ" ಎಂದ. ನನ್ನ ನಿದ್ದೆ ಕೆಟ್ಟಿತು. ನಿಜ ಹೇಳಬೇಕೆಂದರೆ ನನ್ನ ನಿದ್ದೆ ಕೆಡಲು ತುಕ್ಕೇ ಆಗಬೇಕೆಂದಿಲ್ಲ. ಜೀಪು ಶಬ್ದ ಮಾಡಿದರೆ ಚಿಂತೆ, ಮಾಡದಿದ್ದರೆ ಇನ್ನೂ ಚಿಂತೆ.

ಫೋನಿನಲ್ಲಿ ವಿಡಿಯೊ ನೋಡಿ ನೋಡಿ, ಎರಡು ಡಬ್ಬಿ ಬೆರೆಸಿ ಹಚ್ಚುವ ದುಬಾರಿ ಎಪಾಕ್ಸಿ ಪೇಂಟೇ ಆಗಬೇಕೆಂದು ತೀರ್ಮಾನಿಸಿದೆ. ಪುತ್ತೂರಿನಿಂದ ಮರಳುವಾಗ, ಅತ್ತೆಯನ್ನು ಕೂರಿಸಿಕೊಂಡೇ, ಅಂಗಡಿಯೆದುರು ಜೀಪು ನಿಲ್ಲಿಸಿದೆ. ಕಾಕ ಇಳಿದು ಬಂದು ಚಾಸಿಯನ್ನು ಕೆರೆದರು. ಉಗುರು ಜಿಡ್ಡಿನಿಂದ ಕಪ್ಪಾಗಿ ಹೊರಬಂತು.

"ಕರಿ ಆಯಿಲ್ ಹಾಕಿದ್ದೀರಾ?"

"ವರ್ಷ ವರ್ಷ ಹಾಕ್ತೇನೆ ಕಾಕ. ಎಲ್ಲರೂ ಹಾಕ್ತಾರಲ್ಲ."

ಇಂಜಿನ್ನಿನಿಂದ ತೆಗೆದ ಹಳೆಯ ಎಣ್ಣೆಯನ್ನು ಮಳೆಗಾಲಕ್ಕೆ ಮೊದಲು ಗಾಡಿಯ ಅಡಿಗೆ ಬಳಿಯುವುದು ನಮ್ಮ ಕಡೆ ತಪ್ಪದ ಕ್ರಮ.

"ಎಣ್ಣೆ ಹಚ್ಚಿದ ಕಾವಲಿಗೆ ದೋಸೆಯೇ ಹಿಡಿಯುದಿಲ್ಲ ಗೌಡ್ರೆ, ಪೇಂಟ್ ಹಿಡಿತದಾ? ಇದನ್ನು ತೊಳೆಯದೆ ನಾನು ಪೇಂಟ್ ಕೊಡುದಿಲ್ಲ."

ಅತ್ತೆ ಜೀಪಿನಿಂದ ತಲೆ ಹೊರಗೆ ಹಾಕಿದರು. "ನನ್ನನ್ನು ವಾರಕ್ಕೆ ಎರಡು ಸಲ ತೊಳಿತಾರೆ. ಪಾಪ, ಅದಕ್ಕೂ ಒಂದು ಸಲ ಆಗ್ಲಿ."

ಕಾಕ ಬಿದ್ದು ಬಿದ್ದು ನಕ್ಕರು. ಅಂದಿನಿಂದ ಅವರಿಬ್ಬರದು ಒಂದು ಪಕ್ಷ, ನನ್ನೊಬ್ಬನದು ಇನ್ನೊಂದು.

ಎಪಾಕ್ಸಿಯನ್ನು ಅವರು ಕೊಡಲೇ ಇಲ್ಲ. "ಒಳ್ಳೇದೇ ಅದು. ಆದ್ರೆ ನಿಮ್ಮ ಚಾಸಿಯ ಹೊಂಡದಲ್ಲೆಲ್ಲ ತುಕ್ಕು ಉಂಟು, ಎಷ್ಟು ಉಜ್ಜಿದ್ರೂ ಪೂರ್ತಿ ಹೋಗುದಿಲ್ಲ. ಮೇಲಿಂದ ಗಟ್ಟಿ ಮುಚ್ಚಿದ್ರೆ ಒಳಗೊಳಗೇ ತಿಂತದೆ, ನಿಮಗೆ ಗೊತ್ತೇ ಆಗುದಿಲ್ಲ. ರೆಡ್ ಆಕ್ಸೈಡ್ ಒಂದು ಕೋಟು, ಮೇಲೆ ಸಾದಾ ಕಪ್ಪು ಎನಾಮೆಲ್ ಎರಡು ಕೋಟು. ಎದ್ದಲ್ಲಿ ಕಾಣ್ತದೆ, ಕೆರೆದು ಪುನಃ ಹಚ್ಚುದು. ಹೇಗೂ ನಿಮಗೆ ಹೆದರಿಕೆ ಜಾಸ್ತಿ. ವರ್ಷಕ್ಕೊಮ್ಮೆ ಅಡಿಗೆ ನುಗ್ಗಿ ಹೆದರಿ, ಉಳಿದ ದಿನ ಆರಾಮ ಇರಿ ಮಾರಾಯ್ರೆ."

"ಗ್ಯಾರಂಟಿ ಉಂಟಾ ಕಾಕ?"

"ನನಗೇ ಇಲ್ಲ, ಪೇಂಟಿಗೆ ಎಲ್ಲಿಂದ ತರ್ಲಿ?"

ಡೀಸೆಲ್, ಸಾಬೂನು ನೀರು, ತಂತಿ ಬ್ರಷ್ಷು. ತೊಳೆದು ಉಜ್ಜುವುದರಲ್ಲೇ ನನ್ನ ಸೊಂಟ ಬಿದ್ದುಹೋಯಿತು. ಕೊನೆಯ ಕೋಟು ಹಚ್ಚಿದ ದಿನ ಮೋಡ ಕವಿದು, ಬಣ್ಣ ಒಣಗಲೇ ಇಲ್ಲ. ಮರುದಿನ ಪುತ್ತೂರಿನ ಸರದಿ. ಹಸಿ ಬಣ್ಣದಲ್ಲಿ ಗುಡ್ಡದ ಮಣ್ಣುದಾರಿ ಇಳಿದರೆ ಮಾಡಿದ್ದೆಲ್ಲ ಹಾಳು. ಇಳಿಯದಿದ್ದರೆ ಅತ್ತೆಯ ಕಾಲು ಬಾತು ಉಸಿರು ಕಟ್ಟುತ್ತದೆ. ಕಾಕನಿಗೆ ಫೋನು ಮಾಡಿ ಗೋಳು ತೋಡಿಕೊಂಡೆ.

"ಅಮ್ಮನಿಗೆ ಬೆಳಿಗ್ಗೆ ರೆಡಿ ಇರ್ಲಿಕ್ಕೆ ಹೇಳಿ. ನೀವು ಮಾತ್ರ ಒಣಗಿತಾ ಅಂತ ಬೆರಳಿಟ್ಟು ನೋಡ್ಬೇಡಿ."

ಬೆಳಿಗ್ಗೆ ಅಂಗಡಿ ತೆರೆಯದೆ, ತಮ್ಮ ಭಾವನ ಜೀಪು ಕೇಳಿ ತಂದು, ಅವರೇ ಗುಡ್ಡ ಹತ್ತಿದರು. ನಮ್ಮ ಚಾಸಿಯ ಅಡಿಗೆ ಬಗ್ಗಿ ನೋಡಿದರು. ಆಮೇಲೆ ಕಪ್ಪು ಮೆತ್ತಿದ ನನ್ನ ಬೆರಳುಗಳನ್ನು ನೋಡಿದರು. ಆಸ್ಪತ್ರೆಯಲ್ಲಿ ಅತ್ತೆಯ ಡಯಾಲಿಸಿಸ್ ಮುಗಿಯುವವರೆಗೂ ನನ್ನ ಪಕ್ಕದಲ್ಲೇ ಬೆಂಚಿನ ಮೇಲೆ ಕುಳಿತಿದ್ದು, ಆ ಬೆಂಚಿನ ಬಣ್ಣವನ್ನೂ ಪರೀಕ್ಷಿಸಿ, ನಮ್ಮನ್ನು ಮನೆಗೆ ತಂದು ಬಿಟ್ಟರು.

ಆಮೇಲಿನ ಮಳೆಗಾಲಗಳನ್ನು ಜೀಪು ದಾಟಿತು, ಅತ್ತೆಯೂ ದಾಟಿದರು. ಪ್ರತಿ ಬೇಸಿಗೆಯಲ್ಲಿ ನಾನು ಅಡಿಗೆ ನುಗ್ಗಿ, ಎದ್ದ ಕಡೆ ಕೆರೆದು ಕಪ್ಪು ಹಚ್ಚಿ ಬರುತ್ತೇನೆ. ಉಳಿದ ದಿನ ಆರಾಮ ಇರುವುದು ಮಾತ್ರ ಇನ್ನೂ ಅಭ್ಯಾಸವಾಗಿಲ್ಲ.

ಈ ಸಲದ ರಂಜಾನ್ ಮುಗಿದ ಕೆಲವೇ ದಿನಗಳಲ್ಲಿ ಕಾಕ ನಿದ್ದೆಯಲ್ಲೇ ಹೋದರು. ಸುದ್ದಿ ಬಂದಾಗ ನಾವು ಪುತ್ತೂರಿಗೆ ಹೊರಟಾಗಿತ್ತು. ಅತ್ತೆಗೆ ತಡವಾದೀತೆಂಬ ಭಯದಲ್ಲಿ, ವಾಪಸು ಬರುವಾಗ ಹೋದರಾಯಿತೆಂದು ನಾನು ಕುಂಬ್ರ ದಾಟಿಸಲು ನೋಡಿದೆ. "ನಿಲ್ಲಿಸಿ" ಎಂದರು ಅತ್ತೆ. ಕಾಕನ ಮನೆಯೊಳಗೆ ಹೆಂಗಸರ ನಡುವೆ ಹೋಗಿ ಕುಳಿತವರು ಬೇಗ ಏಳಲಿಲ್ಲ.

ಆಸ್ಪತ್ರೆಯಲ್ಲಿ ನರ್ಸ್ ಹುಡುಗಿ ಗಡಿಯಾರ ತೋರಿಸಿದಳು. "ಎಂತ ಅಮ್ಮ ಇಷ್ಟು ಲೇಟು? ಗಾಡಿ ಕೈಕೊಟ್ಟಿತಾ?"

"ಗಾಡಿಗೆ ಎಂತದೂ ಆಗ್ಲಿಲ್ಲ ಮಗಾ." ಅತ್ತೆ ಮಲಗಿ ಸೂಜಿಗೆ ಕೈ ಚಾಚಿದರು. "ನಮ್ಮ ಮನೆಯವರೊಬ್ರು ತೀರಿಕೊಂಡ್ರು."